ಓದದೆಯೇ ತಪ್ಪು ಹಿಡಿಯುವುದು ಹೇಗೆ?

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರಿಗೆ ಒಂದು ಕಲ್ಲಿನ ಕಂಬವಿದೆ. ಕದಂಬರ ಶಾಂತಿವರ್ಮನ ಕಾಲದಲ್ಲಿ, ಅಂದರೆ ಕ್ರಿ.ಶ. 5ನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಪದ್ಯಗಳು ಅದರ ಮೇಲಿವೆ. ಇಂಥ ಪದ್ಯಶಾಸನದ ಪಾಠದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಪತ್ತೆ ಹಚ್ಚುವುದು ಹೇಗೆ? ನೀವು ತರಗತಿಯಲ್ಲಿ ಮಾಡುವಂತೆಯೇ ಲಘು-ಗುರು ಗುರುತಿಸಿ ಪ್ರಸ್ತಾರ ಹಾಕಬಹುದು. ಲೆಕ್ಕ ತಪ್ಪಿದ ಸಾಲಿನಲ್ಲಿ ದೋಷವಿದೆ. ಗಮನಿಸಿ: ಪದ್ಯದ ಅರ್ಥ ತಿಳಿಯದಿದ್ದರೂ ದೋಷವಿರುವ ಜಾಗ ತಿಳಿಯಿತು!

ಕ್ವಾಂಟಂ ಗಣಕಯಂತ್ರಕ್ಕೆ ಬೇಕಾದದ್ದೂ ಇಂಥದೇ ಉಪಾಯ. ಸಾಮಾನ್ಯ ಗಣಕದ ಬಿಟ್ ಎಂದರೆ 0 ಅಥವಾ 1. ಕ್ವಾಂಟಂ ಗಣಕದ ಕ್ಯೂಬಿಟ್ ಇವೆರಡರ ಮಿಶ್ರಸ್ಥಿತಿಯಲ್ಲಿ ಇರಬಲ್ಲದು. ಆದರೆ ಅದು ಬಹಳ ನಾಜೂಕು. ಸುತ್ತಲಿನ ಅಲ್ಪಸ್ವಲ್ಪ ಗದ್ದಲಕ್ಕೂ ಕೆಡುತ್ತದೆ. ಕೆಟ್ಟಿದೆಯೇ ಎಂದು ನೇರವಾಗಿ ನೋಡಹೋದರೆ ಮಿಶ್ರಸ್ಥಿತಿಯೇ ಅಳಿದುಹೋಗುತ್ತದೆ. ಮುಂಚಿತವಾಗಿ ಪ್ರತಿ ತೆಗೆದಿಡೋಣವೆಂದರೆ ಅದಕ್ಕೂ ಪ್ರಕೃತಿನಿಯಮ ಅಡ್ಡಿ. 1995ರಲ್ಲಿ ಪೀಟರ್ ಶೋರ್ ದಾರಿ ತೋರಿಸಿದರು: ಒಂದು ಕ್ಯೂಬಿಟ್‌ನ ಮಾಹಿತಿಯನ್ನು 9 ಕ್ಯೂಬಿಟ್‌ಗಳಲ್ಲಿ ಹರಡಿ, ಅವುಗಳ ನಡುವಿನ ಸಂಬಂಧವನ್ನು ಮಾತ್ರ ವಿಚಾರಿಸುವುದು. 1997ರಲ್ಲಿ ಅಲೆಕ್ಸಿ ಕಿಟಾಯೆವ್ ಕ್ಯೂಬಿಟ್‌ಗಳನ್ನು ಬಲೆಯಂತೆ ಜೋಡಿಸುವ ವಿಧಾನ ಕೊಟ್ಟರು.

ಆ ಬಲೆಯನ್ನು ತಿಳಿಯಲು ಸೊರಬದ ಭತ್ತದ ಗದ್ದೆಬಯಲನ್ನು ನೆನೆಯಿರಿ. ಗದ್ದೆಗಳೆಲ್ಲ ಚೌಕಾಕಾರವಾಗಿವೆ ಎನ್ನೋಣ. ಪ್ರತಿ ಗದ್ದೆಗೆ ನಾಲ್ಕು ಬದುಗಳು. ಒಂದು ಬದು ಎರಡು ಗದ್ದೆಗಳಿಗೆ ಸಮಾನ. ಬದುವೇ ಕ್ಯೂಬಿಟ್; ಬದು ಒಡೆದರೆ ಅದೇ ದೋಷ. ನಮ್ಮ ಷರತ್ತು ಇಷ್ಟು: ಬದುವನ್ನು ನೋಡುವಂತಿಲ್ಲ. ಪ್ರತಿ ಗದ್ದೆಯನ್ನು ಒಂದೇ ಪ್ರಶ್ನೆ ಕೇಳಬಹುದು: ನಿನ್ನ ಸುತ್ತ ಒಡೆದ ಬದುಗಳ ಸಂಖ್ಯೆ ಸಮವೋ, ಬೆಸವೋ?

ಒಂದೇ ಬದು ಒಡೆದರೆ ಅದರ ಎರಡು ಪಕ್ಕದ ಗದ್ದೆಗಳೂ ‘ಬೆಸ’ ಎನ್ನುತ್ತವೆ. ಸಾಲಾಗಿ ಎರಡು ಒಡೆದರೋ? ನಡುವಿನ ಗದ್ದೆಗೆ ಎರಡು ಒಡಕು, ಅಂದರೆ ‘ಸಮ’, ಅದು ಸುಮ್ಮನಿರುತ್ತದೆ. ಕೂಗುವವು ತುದಿಯ ಎರಡು ಗದ್ದೆಗಳು ಮಾತ್ರ. ದೋಷಗಳ ಸರಪಳಿ ಎಷ್ಟೇ ಉದ್ದವಿರಲಿ, ನಮಗೆ ಕೇಳುವುದು ಎರಡು ತುದಿಗಳ ಕೂಗು.

ಈಗ ಪ್ರತಿ ಗದ್ದೆಯನ್ನು ಒಂದು ಬಿಂದುವಾಗಿ, ಪ್ರತಿ ಬದುವನ್ನು ಎರಡು ಬಿಂದುಗಳನ್ನು ಸೇರಿಸುವ ಗೆರೆಯಾಗಿ ಬರೆಯಿರಿ. ಗಣಿತದಲ್ಲಿ ಇದಕ್ಕೆ ಗ್ರಾಫ್ ಎಂದು ಹೆಸರು. ಕೂಗಿದ ಬಿಂದುಗಳನ್ನು ಎರಡೆರಡಾಗಿ ಜೋಡಿಸಿ, ಒಟ್ಟು ದಾರಿ ಅತಿ ಕಡಿಮೆಯಾಗುವಂತೆ ನೋಡಬೇಕು. ಕಡಿಮೆಯೇ ಏಕೆ? ಒಂದು ದೋಷದ ಸಂಭವ ಸಾವಿರಕ್ಕೆ ಒಂದಾದರೆ, ಗೊತ್ತಾದ ಎರಡು ಕಡೆ ಒಟ್ಟಿಗೇ ದೋಷವಾಗುವ ಸಂಭವ ಹತ್ತು ಲಕ್ಷಕ್ಕೆ ಒಂದು. ಆದ್ದರಿಂದ ಹತ್ತಿರದ ದಾರಿಯೇ ಹೆಚ್ಚು ನಂಬಲರ್ಹ.

ಆದರೆ ಜೋಡಿಸುವುದು ಸುಲಭವಲ್ಲ. 4 ಬಿಂದುಗಳನ್ನು 3 ರೀತಿಯಲ್ಲಿ ಜೋಡಿ ಮಾಡಬಹುದು. 10 ಬಿಂದುಗಳನ್ನು 945 ರೀತಿಯಲ್ಲಿ. 20 ಬಿಂದುಗಳಾದರೆ 65 ಕೋಟಿಗೂ ಮೀರುತ್ತದೆ. ಎಲ್ಲವನ್ನೂ ಪರೀಕ್ಷಿಸದೆ ಅತ್ಯುತ್ತಮ ಜೋಡಣೆ ಹುಡುಕುವ ಕ್ರಮವನ್ನು ಗಣಿತಜ್ಞ ಜ್ಯಾಕ್ ಎಡ್ಮಂಡ್ಸ್ 1965ರಲ್ಲೇ ಕೊಟ್ಟಿದ್ದರು. ಆಗ ಕ್ವಾಂಟಂ ಗಣಕದ ಸುಳಿವೂ ಇರಲಿಲ್ಲ!

ಈ ಊಹೆ ತಪ್ಪಬಾರದೇ? ತಪ್ಪಬಹುದು. ನಿಜವಾದ ದೋಷಗಳ ಸರಪಳಿ ಬಯಲಿನ ಅರ್ಧಕ್ಕಿಂತ ಉದ್ದವಾದರೆ, ನಮ್ಮ ‘ತಿದ್ದುಪಡಿ’ ಉಳಿದರ್ಧವನ್ನೂ ಸೇರಿಸಿ ಒಂದು ಅಂಚಿನಿಂದ ಎದುರಿನ ಅಂಚಿನವರೆಗೆ ದೋಷದ ಗೆರೆ ಎಳೆದುಬಿಡಬಹುದು. ಆಗ ಯಾವ ಗದ್ದೆಯೂ ಕೂಗದು, ಎಲ್ಲವೂ ಸರಿಯಾಗಿ ತೋರುತ್ತದೆ; ಉತ್ತರ ಮಾತ್ರ ತಪ್ಪಾಗಿರುತ್ತದೆ. ಇದಕ್ಕೆ ಪರಿಹಾರ ಬಯಲನ್ನು ಹಿಗ್ಗಿಸುವುದು. ಬಿಡಿ ದೋಷಗಳು ಒಂದು ಮಿತಿಯೊಳಗಿದ್ದರೆ, ಬಯಲು ದೊಡ್ಡದಾದಷ್ಟೂ ಇಂಥ ಮೋಸ ವಿರಳವಾಗುತ್ತದೆ. ಗೂಗಲ್‌ನ ವಿಲ್ಲೋ ಚಿಪ್ ಇದನ್ನು 2024ರಲ್ಲಿ ತೋರಿಸಿತು: ಬಲೆಯ ಅಳತೆ 3ರಿಂದ 5ಕ್ಕೆ, 5ರಿಂದ 7ಕ್ಕೆ ಏರಿದಾಗಲೆಲ್ಲ ದೋಷ ಅರ್ಧಕ್ಕಿಂತ ಕಡಿಮೆಯಾಯಿತು. ಅಲ್ಲಿ ಸೆಕೆಂಡಿಗೆ ಸುಮಾರು 9 ಲಕ್ಷ ಸಲ ಸಮ-ಬೆಸ ವಿಚಾರಣೆ ನಡೆಯುತ್ತದೆ. ಜೋಡಿಸುವ ಗಣಕ ಆ ವೇಗಕ್ಕೆ ಸರಿಸಮನಾಗಿ ಓಡಬೇಕು. ಹಿಂದೆ ಬಿದ್ದರೆ ಕೆಲಸ ಕೆಟ್ಟಂತೆಯೇ.

ಭಾರತ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಕ್ವಾಂಟಂ ಗಣಕ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆ ಯಂತ್ರಗಳು ನಿಮ್ಮ ಊರಿಗೆ ಇನ್ನೂ ದೂರ. ಆದರೆ ದೋಷ ಹುಡುಕುವ ಈ ಗಣಿತಕ್ಕೆ ಚೌಕದ ಹಾಳೆ, ಪೆನ್ಸಿಲ್ ಸಾಕು.

ಹೀಗೆ ಮಾಡಿ ನೋಡಿ: ಹಾಳೆಯ ಮೇಲೆ 5 × 5 ಗದ್ದೆಗಳನ್ನು ಬರೆಯಿರಿ. ನಿಮಗೆ ಕಾಣದಂತೆ ಗೆಳೆಯರೊಬ್ಬರು ಒಳಗಿನ ಮೂರು ಬದುಗಳನ್ನು ಒಡೆದು, ‘ಬೆಸ’ ಗದ್ದೆಗಳನ್ನು ಮಾತ್ರ ಹೇಳಲಿ. ಒಡೆದ ಬದುಗಳು ಯಾವುವು? ನೀವು ತಪ್ಪಿದ್ದು ಯಾವಾಗ, ಏಕೆ ಎಂದೂ ಬರೆದಿಡಿ.