ಕೊಳವೇಕೆ ತಿಳಿಯಾಗದು?

ಅಮೆರಿಕ, ಆಸ್ಟ್ರೇಲಿಯಗಳಂಥ ದೇಶಗಳಲ್ಲಿ ಮನೆಯ ಹಿತ್ತಿಲಲ್ಲಿ ಈಜುಕೊಳವಿರುವುದು ಅಪರೂಪವಲ್ಲ. ನಮ್ಮ ದೊಡ್ಡ ಪಟ್ಟಣಗಳಲ್ಲಿಯೂ ಈಗ ಅಲ್ಲಲ್ಲಿ ಅಂಥವು ಕಾಣಸಿಗುತ್ತವೆ. ಈ ಕೊಳಗಳ ಒಡೆಯರನ್ನು ಬಹುವಾಗಿ ಕಾಡುವ ತೊಂದರೆಯೊಂದುಂಟು. ಎಲೆ, ಕಡ್ಡಿ, ಹುಳುಗಳನ್ನು ಬಲೆಯಿಂದ ಎತ್ತಿ ಎಸೆಯಬಹುದು. ಆದರೆ ಬೆಳಗಾಗುವಷ್ಟರಲ್ಲಿ ಕೊಳದ ತಳದಲ್ಲಿ, ವಿಭೂತಿಯಷ್ಟು ನುಣ್ಣನೆಯ ಹುಡಿಯೊಂದು ತೆಳುವಾಗಿ ಹರಡಿಕೊಂಡಿರುತ್ತದೆ. ಗುಡಿಸಹೋದರೆ ಅದು ಹೊಗೆಯಂತೆ ಮೇಲೆದ್ದು ನೀರಿನಲ್ಲಿ ಮಾಯವಾಗುತ್ತದೆ. ಪಂಪು ಹಗಲೆಲ್ಲ ನಡೆದು, ನೀರೆಲ್ಲ ಶೋಧಕದ ಮೂಲಕ ಹಾದುಬಂದರೂ, ಮರುದಿನ ಬೆಳಿಗ್ಗೆ ಅದೇ ಹುಡಿ ಅದೇ ಸ್ಥಳದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಸಿರಿವಂತರ ಮನೆಯ ಈ ಚಿಂತೆ ನಮಗೇಕೆ ಎಂದು ವಾಚಕರು ಕೇಳಬಹುದು. ಕೊಳದ ಹುಡಿಗೂ ನಾವು ಕುಡಿಯುವ ನಲ್ಲಿಯ ನೀರಿಗೂ ಅನ್ವಯಿಸುವ ನಿಯಮಗಳು ಒಂದೇ. ಕೊಳದಲ್ಲಿ ಅವುಗಳನ್ನು ಅರಿಯದಿದ್ದರೆ ಶ್ರಮ ವ್ಯರ್ಥವಾಗುತ್ತದೆ; ಊರಿನ ನೀರಿನಲ್ಲಿ ಅವುಗಳನ್ನು ಮರೆತರೆ ಪ್ರಾಣಕ್ಕೇ ಅಪಾಯವೊದಗುತ್ತದೆ. ಆದ್ದರಿಂದ ಈ ಹುಡಿಯ ಸ್ವಭಾವವನ್ನು ಸ್ವಲ್ಪ ಪರಿಶೀಲಿಸೋಣ.

ಮುಳುಗುವ ವೇಗ

ನೀರಿನಲ್ಲಿ ಇಳಿಯುತ್ತಿರುವ ಒಂದು ಸಣ್ಣ ಕಣವನ್ನು ಊಹಿಸಿಕೊಳ್ಳೋಣ. ಗುರುತ್ವ ಅದನ್ನು ಕೆಳಕ್ಕೆ ಸೆಳೆಯುತ್ತದೆ. ನೀರಿನ ಒತ್ತಡ ಅದನ್ನು ಮೇಲಕ್ಕೆ ನೂಕುತ್ತದೆ. ನೀರಿನ ಸ್ನಿಗ್ಧತೆ ಅದರ ಚಲನೆಯನ್ನು ತಡೆಯುತ್ತದೆ. ಈ ಮೂರು ಬಲಗಳು ಸರಿದೂಗಿದೊಡನೆ ಕಣವು ಒಂದೇ ವೇಗದಲ್ಲಿ ಇಳಿಯತೊಡಗುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸನು 1851ರಲ್ಲಿ ಪ್ರಕಟಿಸಿದ ನಿಯಮದಂತೆ, ಈ ವೇಗವು ಕಣದ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಣದ ಗಾತ್ರ ಹತ್ತನೆಯ ಒಂದಂಶವಾದರೆ ವೇಗ ನೂರನೆಯ ಒಂದಂಶಕ್ಕೆ ಇಳಿಯುತ್ತದೆ.

ಒಂದೂವರೆ ಮೀಟರ್ ಆಳದ ಕೊಳಕ್ಕೆ ಇದನ್ನು ಅನ್ವಯಿಸಿ ನೋಡೋಣ. ಮಿಲಿಮೀಟರಿನ ಸಾವಿರದ ಒಂದಂಶವನ್ನು ಮೈಕ್ರೋಮೀಟರ್ ಎನ್ನುತ್ತೇವೆ. 100 ಮೈಕ್ರೋಮೀಟರ್ ವ್ಯಾಸದ ಮರಳಿನ ಕಣ ಸುಮಾರು 3 ನಿಮಿಷಗಳಲ್ಲಿ ತಳ ಸೇರುತ್ತದೆ. 10 ಮೈಕ್ರೋಮೀಟರಿನ ಕಣಕ್ಕೆ ನಾಲ್ಕೂವರೆ ಗಂಟೆಗಳಿಗಿಂತ ತುಸು ಹೆಚ್ಚು ಬೇಕು. ಒಂದೇ ಮೈಕ್ರೋಮೀಟರಿನದಕ್ಕಾದರೋ ನಿಶ್ಚಲವಾದ ನೀರಿನಲ್ಲಿಯೂ ಸುಮಾರು 19 ದಿನಗಳು ಬೇಕು. ಸತ್ತ ಪಾಚಿಯ ಸಾಂದ್ರತೆ ನೀರಿನದಕ್ಕಿಂತ ಅತ್ಯಲ್ಪವಾಗಿ ಹೆಚ್ಚು. ಆದುದರಿಂದ 10 ಮೈಕ್ರೋಮೀಟರಿನ ಬಿಡಿ ಪಾಚಿಕಣ ಇಳಿಯಲು ಆರು ದಿನಗಳಾದರೂ ಹಿಡಿಯಬಹುದು.

ಹಗಲಿನಲ್ಲಿ ಪಂಪು, ಗಾಳಿ, ಈಜುವವರ ಕೈಕಾಲುಗಳು ನೀರನ್ನು ಕಲಕುತ್ತಲೇ ಇರುತ್ತವೆ. ರಾತ್ರಿ ಪಂಪು ನಿಂತು ಎಂಟು ಹತ್ತು ಗಂಟೆಗಳ ಶಾಂತಿ ದೊರೆತಾಗ, ಸುಮಾರು 10 ಮೈಕ್ರೋಮೀಟರ್ ಗಾತ್ರದ ಮಣ್ಣಿನ ಕಣಗಳು ತಳಕ್ಕಿಳಿಯುತ್ತವೆ. ಹುಡಿ ಬೆಳಿಗ್ಗೆಯೇ ಕಾಣಿಸಿಕೊಳ್ಳುವುದೇಕೆ ಎಂಬುದು ಈಗ ಸ್ಪಷ್ಟವಾಯಿತಷ್ಟೆ.

ಶೋಧಕದ ಮಿತಿ

ಮನೆಯ ಕೊಳಗಳಲ್ಲಿ ಸಾಮಾನ್ಯವಾಗಿ ಬಳಸುವುದು ಮರಳಿನ ಶೋಧಕ. ಅದರ ಹರಳುಗಳ ವ್ಯಾಸ ಸುಮಾರು ಅರ್ಧ ಮಿಲಿಮೀಟರ್. ಒತ್ತಾಗಿ ಕುಳಿತ ಇಂಥ ಹರಳುಗಳ ನಡುವಣ ಸಂದು 70–80 ಮೈಕ್ರೋಮೀಟರಿನಷ್ಟಿರುತ್ತದೆ. ಅಂಕುಡೊಂಕಾದ ದಾರಿಯಲ್ಲಿ ಸಾಗುವಾಗ ಹರಳುಗಳಿಗೆ ತಗಲಿ ಅಂಟಿಕೊಳ್ಳುವುದರಿಂದ 20–40 ಮೈಕ್ರೋಮೀಟರಿನ ಕಣಗಳೂ ಸಿಕ್ಕಿಬೀಳುತ್ತವೆ. ಅದಕ್ಕಿಂತ ಸಣ್ಣವು ಬಹುಮಟ್ಟಿಗೆ ಪಾರಾಗುತ್ತವೆ. ಮಡಿಕೆಗಳುಳ್ಳ ಬಟ್ಟೆಯ ಶೋಧಕಗಳು 10–20 ಮೈಕ್ರೋಮೀಟರಿನವರೆಗೂ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದಾದ ಮಣ್ಣನ್ನು ಬಳಸುವ ಶೋಧಕಗಳು 3–5 ಮೈಕ್ರೋಮೀಟರಿನವರೆಗೂ ಹಿಡಿಯಬಲ್ಲವು.

ಪಂಪನ್ನು ಇನ್ನೂ ಹೆಚ್ಚು ಹೊತ್ತು ನಡೆಸಿದರಾಗದೆ? ಲೆಕ್ಕ ಹಾಕಿ ನೋಡೋಣ. ಕೊಳ 48,000 ಲೀಟರಿನದು. ಪಂಪು ಗಂಟೆಗೆ 6,000 ಲೀಟರ್ ನೀರನ್ನು ಸಾಗಿಸುತ್ತದೆ ಎನ್ನೋಣ. ಎಂಟು ಗಂಟೆಗಳಲ್ಲಿ ಇಡೀ ಕೊಳದ ನೀರು ಸೋಸಿಹೋಯಿತೆಂದು ತೋರುತ್ತದೆ. ಆದರೆ ಸೋಸಿದ ನೀರು ಮರಳಿ ಅದೇ ಕೊಳಕ್ಕೆ ಬಂದು ಬೆರೆಯುವುದರಿಂದ ವಾಸ್ತವಾಂಶ ಬೇರೆ. ಶೋಧಕ ಒಂದು ಕಣವನ್ನೂ ಬಿಡದೆ ಹಿಡಿಯುವಂತಿದ್ದರೂ, ಒಂದು ಸುತ್ತಿನ ಬಳಿಕ 37 ಶೇಕಡ ಕೊಳೆ ಕೊಳದಲ್ಲಿಯೇ ಉಳಿದಿರುತ್ತದೆ. ಎರಡು ಸುತ್ತಿಗೆ 14, ಮೂರಕ್ಕೆ 5, ನಾಲ್ಕಕ್ಕೆ 2 ಶೇಕಡ. ಈಜುಕೊಳಗಳಿಗೆ ಈ ಲೆಕ್ಕವನ್ನು ಅನ್ವಯಿಸಿ ತೋರಿಸಿದವರು ಅಮೆರಿಕದ ಗೇಜ್ ಮತ್ತು ಬಿಡ್ವೆಲ್, ಅದು 1926ರಲ್ಲಿ. ಇನ್ನು ಶೋಧಕವು ಹತ್ತು ಕಣಗಳಲ್ಲಿ ಒಂದನ್ನು ಮಾತ್ರ ಹಿಡಿಯುವುದಾದರೆ, ನಾಲ್ಕು ಸುತ್ತುಗಳ ತರುವಾಯವೂ 67 ಶೇಕಡ ಹುಡಿ ಉಳಿದಿರುತ್ತದೆ. ಅಷ್ಟರೊಳಗೆ ಗಾಳಿ ಹೊಸ ಧೂಳನ್ನು ತಂದು ಸುರಿದಿರುತ್ತದೆ. ಆದುದರಿಂದ ಪಂಪಿನ ಗಂಟೆಗಳನ್ನು ಹೆಚ್ಚಿಸುವುದು ಪರಿಹಾರವಲ್ಲ; ಕಣಗಳ ಗಾತ್ರವನ್ನು ಹೆಚ್ಚಿಸಬೇಕು, ಇಲ್ಲವೆ ಅವುಗಳನ್ನು ಶೋಧಕದ ದಾರಿ ತಪ್ಪಿಸಿ ಹೊರಕ್ಕೆ ಸಾಗಿಸಬೇಕು.

ಗುರುತು ಹಿಡಿಯುವ ಬಗೆ

ವೈದ್ಯನು ಔಷಧಕ್ಕೆ ಮೊದಲು ನಾಡಿ ನೋಡುವಂತೆ, ಇಲ್ಲಿಯೂ ಹುಡಿ ಯಾವುದೆಂಬುದನ್ನು ಮೊದಲು ತಿಳಿಯಬೇಕು. ತಳದ ಹುಡಿಯನ್ನು ಒಂದಿಷ್ಟು ಗಾಜಿನ ಲೋಟಕ್ಕೆ ತೆಗೆದುಕೊಳ್ಳಬೇಕು. ಬೆರಳುಗಳ ನಡುವೆ ಉಜ್ಜಿದಾಗ ತರಿತರಿಯಾಗಿದ್ದು, ಕಲಕಿ ಬಿಟ್ಟೊಡನೆ ತಳ ಸೇರಿದರೆ ಅದು ಮರಳು. ಕೊಳಕ್ಕೆ ನೀರು ಮರಳಿ ಬರುವ ಬಾಯಿಯ ಎದುರಿನಲ್ಲಿಯೇ ಅದು ಗುಡ್ಡೆಯಾಗುತ್ತಿದ್ದರೆ, ಶೋಧಕದ ಅಡಿಯಲ್ಲಿರುವ ಸಣ್ಣ ಸೀಳುಗಳುಳ್ಳ ಕೊಳವೆಗಳಲ್ಲೊಂದು ಬಿರುಕು ಬಿಟ್ಟಿರಬೇಕು. ಒಣಗಿಸಿದ ಬಿಳಿಯ ಹುಡಿಯ ಮೇಲೆ ವಿನಿಗರಿನ ಹನಿ ಹಾಕಿದಾಗ ನೊರೆಯೆದ್ದರೆ ಅದು ಸುಣ್ಣದ ಕಾರ್ಬೊನೇಟು. ದೋಷವಿರುವುದು ನೀರಿನ ಗಡಸುತನದಲ್ಲಿ. ಹೂ ಬಿಡುವ ಕಾಲದಲ್ಲಿ ಮಾತ್ರ ಕಾಣುವ ಹಳದಿ ಹುಡಿ ಪರಾಗವಾಗಿರಬಹುದು. ಹಸಿರುಗಟ್ಟಿದ ನೀರಿಗೆ ಕ್ಲೋರಿನ್ ಹಾಕಿದ ಮೇಲೆ ಕಾಣಿಸಿಕೊಳ್ಳುವ ಬೂದುಬಣ್ಣದ ಹುಡಿ ಸತ್ತ ಪಾಚಿ. ಉಳಿದುದು ಬಹುತೇಕ ಗಾಳಿ ತಂದ ಮಣ್ಣಿನ ಧೂಳು.

ಶೋಧಕದ ಪರೀಕ್ಷೆ ಇನ್ನೂ ಸುಲಭ. ನೀರು ಮರಳಿ ಬರುವ ಬಾಯಿಗೆ ಒತ್ತು ನೆಯ್ಗೆಯ ಬಿಳಿಯ ಬಟ್ಟೆಯ ಚೀಲವೊಂದನ್ನು ಕಟ್ಟಿ, ತಳವನ್ನು ಗುಡಿಸಿ ಪಂಪು ನಡೆಸಿದರೆ, ಶೋಧಕ ಬಿಟ್ಟುಕೊಟ್ಟ ಹುಡಿಯಲ್ಲಿ ಸ್ವಲ್ಪವಾದರೂ ಅದರಲ್ಲಿ ಕಲೆಯಾಗಿ ನಿಲ್ಲುತ್ತದೆ. ಕಲೆ ದಟ್ಟವಾಗಿದ್ದರೆ ಮರಳಿನೊಳಗೆ ನೀರು ಕಾಲುವೆ ಕೊರೆದುಕೊಂಡಿದೆಯೇ, ದಿಕ್ಕು ತಿರುಗಿಸುವ ವಾಲ್ವಿನೊಳಗಿನ ರಬ್ಬರು ಸವೆದು ನೀರು ಅಡ್ಡದಾರಿ ಹಿಡಿದಿದೆಯೇ ಎಂದು ನೋಡಬೇಕು. ಒಂದು ವಿಚಿತ್ರವೆಂದರೆ, ಮರಳನ್ನು ತೀರ ಮೇಲಿಂದ ಮೇಲೆ ತೊಳೆಯುವುದೂ ತಪ್ಪೇ. ಹರಳುಗಳ ನಡುವೆ ನಿಂತ ಸ್ವಲ್ಪ ಕೊಳೆ ಸಂದುಗಳನ್ನು ಕಿರಿದಾಗಿಸಿ, ಇನ್ನೂ ಸಣ್ಣ ಕಣಗಳನ್ನು ಹಿಡಿಯಲು ನೆರವಾಗುತ್ತದೆ.

ಕಣಗಳನ್ನು ಕೂಡಿಸುವ ಉಪಾಯ

ಸಣ್ಣ ಕಣಗಳು ತಾವಾಗಿಯೇ ಒಂದಕ್ಕೊಂದು ಅಂಟಿಕೊಂಡು ದೊಡ್ಡದೇಕಾಗವು? ನೀರಿನಲ್ಲಿರುವ ಮಣ್ಣು, ಪಾಚಿಗಳ ಕಣಗಳು ಸಾಮಾನ್ಯವಾಗಿ ಋಣ ವಿದ್ಯುದಂಶವನ್ನು ಹೊತ್ತಿರುತ್ತವೆ. ಸಜಾತೀಯ ವಿದ್ಯುದಂಶಗಳು ಪರಸ್ಪರ ವಿಕರ್ಷಿಸುವುದು ನಮಗೆ ತಿಳಿದ ವಿಷಯವೇ. ಹೀಗಾಗಿ ಒಂದನ್ನೊಂದು ಸಮೀಪಿಸಿದ ಕಣಗಳು ಮತ್ತೆ ದೂರ ಸರಿಯುತ್ತವೆ. ಧನ ವಿದ್ಯುದಂಶವುಳ್ಳ ಅಯಾನುಗಳನ್ನು ನೀರಿಗೆ ಸೇರಿಸಿದರೆ ಈ ವಿಕರ್ಷಣೆ ಕುಗ್ಗುತ್ತದೆ. 1882ರಲ್ಲಿ ಷುಲ್ಟ್ಸೆಯೂ 1900ರಲ್ಲಿ ಹಾರ್ಡಿಯೂ ತೋರಿಸಿದಂತೆ, ಅಯಾನಿನ ವಿದ್ಯುದಂಶ ಹೆಚ್ಚಿದಂತೆ ಅದರ ಸಾಮರ್ಥ್ಯ ಬಹುಬೇಗ ಏರುತ್ತದೆ. ಮೂರು ಮಾನದ ಅಲ್ಯೂಮಿನಿಯಂ ಅಯಾನು, ಒಂದು ಮಾನದ ಸೋಡಿಯಂಗಿಂತ ಹಲವು ನೂರು ಪಟ್ಟು ಪರಿಣಾಮಕಾರಿ. ಅಲ್ಲದೆ, ಅಲ್ಯೂಮಿನಿಯಂ ನೀರಿನಲ್ಲಿ ಹತ್ತಿಯ ಅರಳೆಯಂಥ ಹೈಡ್ರಾಕ್ಸೈಡಾಗಿ ಮಾರ್ಪಟ್ಟು, ದಾರಿಯಲ್ಲಿ ಸಿಕ್ಕ ಕಣಗಳನ್ನೆಲ್ಲ ಬಾಚಿಕೊಂಡು ಇಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಬಗ್ಗಡದ ನೀರಿಗೆ ಪಟಿಕವನ್ನು ಆಡಿಸುವ ರೂಢಿಯ ಗುಟ್ಟು ಇದೇ. ಗಡಿಗೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯುವ ಪದ್ಧತಿಯೂ ಬಲು ಹಳೆಯದು. ಅದರಲ್ಲಿಯೂ ಕಣಗಳನ್ನು ಕೂಡಿಸುವ ಸಸ್ಯದ್ರವ್ಯಗಳಿವೆ. ಕೊಳದಲ್ಲಿಯೂ ಅದೇ ಕ್ರಮ. ನೀರಿನ ಆಮ್ಲ-ಕ್ಷಾರಗಳನ್ನು ಸರಿಪಡಿಸಿ, ತಕ್ಕ ಪ್ರಮಾಣದ ಅಲ್ಯೂಮಿನಿಯಂ ಸಲ್ಫೇಟನ್ನು ಬೆರೆಸಿ, ಪಂಪನ್ನು ನಿಲ್ಲಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ತಳದ ಗಸಿಯನ್ನು ಕದಡದೆ, ಹೀರುಕೊಳವೆಯಿಂದ ಮೆಲ್ಲಮೆಲ್ಲನೆ ಎಳೆದು, ಶೋಧಕಕ್ಕೆ ಸೇರಿಸದೆ ನೇರವಾಗಿ ಹೊರಗೆ ಬಿಡಬೇಕು. ಕ್ಲೋರಿನ್ನಿನ ಪುಡಿಯನ್ನೂ ಆಮ್ಲವನ್ನೂ ಮಾತ್ರ ಎಂದಿಗೂ ಒಟ್ಟಿಗೆ ಬೆರೆಸಬಾರದು. ಅದರಿಂದ ಹೊರಡುವ ಅನಿಲ ವಿಷಕಾರಿ.

ತಿಳಿನೀರಿನ ಬೆಲೆ

ಇದು ಬರಿಯ ಅಂದದ ಪ್ರಶ್ನೆಯಲ್ಲ. ತಳ ಕಾಣದ ಕೊಳದಲ್ಲಿ ಮುಳುಗಿದವರೂ ಕಾಣರು. ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್ನಿನಿಂದ ತಪ್ಪಿಸಿಕೊಳ್ಳುತ್ತವೆ. ಕ್ರಿಪ್ಟೊಸ್ಪೋರಿಡಿಯಂ ಎಂಬ ಪರೋಪಜೀವಿಯ ಗಟ್ಟಿ ಕವಚದ ಕೋಶದ ಗಾತ್ರ 4–6 ಮೈಕ್ರೋಮೀಟರ್. ಕೊಳದ ಸಾಮಾನ್ಯ ಕ್ಲೋರಿನ್ನಿನಲ್ಲಿ ಅದು ಹಲವು ದಿನ ಬದುಕಬಲ್ಲದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕಣಗಳನ್ನು ಕೂಡಿಸುವ ಕಾರ್ಯ ಸಮರ್ಪಕವಾಗಿ ನಡೆಯದೆ, ಶೋಧಕಗಳಿಂದ ಹೊರಬಂದ ನೀರಿನ ಕದಡು ಹೆಚ್ಚಿತು. ಆ ನೀರಿನೊಡನೆ ಈ ಜೀವಿಯೂ ನಲ್ಲಿಗಳಿಗೆ ಹರಿದು, ಸುಮಾರು 4 ಲಕ್ಷ ಜನ ಅತಿಸಾರಕ್ಕೆ ತುತ್ತಾದರು. ಹಲವರು ಪ್ರಾಣ ಕಳೆದುಕೊಂಡರು.

ವಿದ್ಯಾರ್ಥಿಗಳು ಇದರ ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೂರು ಗಾಜಿನ ಜಾಡಿಗಳಲ್ಲಿ ಒಂದೇ ಕೆರೆಯ ಬಗ್ಗಡದ ನೀರನ್ನು ತುಂಬಿ, ಒಂದಕ್ಕೆ ಚಿಟಿಕೆ ಪಟಿಕದ ಪುಡಿ, ಇನ್ನೊಂದಕ್ಕೆ ತೇಯ್ದ ಚಿಲ್ಲದ ಬೀಜ ಸೇರಿಸಿ, ಮೂರನೆಯದನ್ನು ಹಾಗೆಯೇ ಬಿಡಿ. ಮೂರನ್ನೂ ಒಂದು ನಿಮಿಷ ಜೋರಾಗಿ, ಬಳಿಕ ಹತ್ತು ನಿಮಿಷ ನಿಧಾನವಾಗಿ ಕಲಕಿ ಬಿಡಿ. ಜಾಡಿಯ ಹಿಂದೆ ಅಚ್ಚಾದ ಹಾಳೆಯೊಂದನ್ನು ನಿಲ್ಲಿಸಿ, ಅಕ್ಷರಗಳು ಯಾವುದರಲ್ಲಿ ಎಷ್ಟು ಹೊತ್ತಿಗೆ ಓದಬರುತ್ತವೆಂಬುದನ್ನು ಗುರುತು ಹಾಕಿಕೊಳ್ಳಿ. ತಿಳಿಯಾದ ನೀರನ್ನು ಕುಡಿಯಬೇಡಿ. ಕಣ್ಣಿಗೆ ತಿಳಿಯಾದುದೆಲ್ಲ ಶುದ್ಧವಲ್ಲ.