ಅಳಿಲಿನ ಸಿಟ್ಟಿಗೂ ಒಂದು ಲೆಕ್ಕವಿದೆ

ಬೆಂಗಳೂರಿನ ನಂದಿನಿ ಲೇಔಟ್‌ನ ಮೂವತ್ತು-ನಲವತ್ತು ಅಡಿಯ ಸೈಟುಗಳಲ್ಲಿ ಹಿತ್ತಲೆಂದರೆ ಸಂಪಿನ ಪಕ್ಕದ ಒಂದಿಷ್ಟು ಮಣ್ಣು, ಅದರಲ್ಲೊಂದು ತೆಂಗು ಇಲ್ಲವೇ ಸೀಬೆ ಗಿಡ. ಅಷ್ಟರಲ್ಲೇ ಅಳಿಲುಗಳು ಸಂಸಾರ ಹೂಡುತ್ತವೆ. ಬೀದಿಯ ಹೊಂಗೆ ಮರದಿಂದ ಕೇಬಲ್ ಹಿಡಿದು ಮಹಡಿಗೆ, ಅಲ್ಲಿಂದ ಪಕ್ಕದ ಮನೆಯ ಸಜ್ಜೆಗೆ ಅವುಗಳ ಓಡಾಟ. ಬಟ್ಟೆ ಒಣಹಾಕಲು ಹೋದಾಗ ಬಾಲ ಕುಣಿಸುತ್ತಾ ಎಡೆಬಿಡದೆ ಕಿರುಚುವ, ಒಮ್ಮೊಮ್ಮೆ ನಮ್ಮತ್ತಲೇ ನುಗ್ಗಿ ಬರುವ ಅಳಿಲನ್ನು ಕಂಡವರು ಇದಕ್ಕೇನು ಹುಚ್ಚು ಹಿಡಿದಿದೆಯೇ ಎಂದು ಗಾಬರಿಯಾಗುತ್ತಾರೆ. ಹುಚ್ಚಲ್ಲ, ಅದರ ಸಿಟ್ಟಿಗೆ ಕಾರಣವಿರುತ್ತದೆ. ಹುಡುಕಿದರೆ ಆ ಕಾರಣ ಸಾಮಾನ್ಯವಾಗಿ ಅಲ್ಲೇ ಹತ್ತಿರದಲ್ಲಿ ಸಿಗುತ್ತದೆ.

ನಮ್ಮೂರಿನದು ಮೂರು ಪಟ್ಟೆಯ ಅಳಿಲು. ವಿಜ್ಞಾನದಲ್ಲಿ ಅದರ ಹೆಸರು ಫ್ಯುನಾಂಬ್ಯುಲಸ್ ಪಾಲ್ಮಾರಮ್. ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಇದರ ಸೋದರ ಜಾತಿ, ಐದು ಪಟ್ಟೆಯದು. ನಮ್ಮ ಅಳಿಲಿನ ತೂಕ ನೂರು ಗ್ರಾಂ ಆಸುಪಾಸು. ಬೆಕ್ಕು, ಕಾಗೆ, ಗಿಡುಗ, ಹಾವು ಎಲ್ಲವೂ ಇದಕ್ಕೆ ವೈರಿಗಳೇ. ಇಷ್ಟು ಪುಟ್ಟ ಪ್ರಾಣಿಗೆ ಸಣ್ಣ ಗಾಯವೂ ಸಾವು ತರಬಹುದು. ಆದ್ದರಿಂದ ಅದು ಕಚ್ಚಾಟಕ್ಕಿಂತ ಬೆದರಿಕೆಯನ್ನೇ ನಂಬಿಕೊಂಡಿದೆ. ಬಾಲದ ಕೂದಲು ಕೆದರುವುದು, ಪ್ರತಿ ಕೂಗಿಗೂ ಬಾಲ ಝಾಡಿಸುವುದು, ಸ್ವಲ್ಪ ದೂರ ಅಟ್ಟಿಸಿ ವಾಪಸಾಗುವುದು ಇವೇ ಅದರ ಆಯುಧಗಳು. ಆ ಚಿಪ್ ಚಿಪ್ ಕೂಗು ಎಚ್ಚರಿಕೆಯೂ ಹೌದು. ಹೊಂಚು ಹಾಕಿ ಕುಳಿತ ಬೆಕ್ಕಿಗೆ ತಾನು ಕಣ್ಣಿಗೆ ಬಿದ್ದದ್ದು ಗೊತ್ತಾದರೆ ಅರ್ಧ ಬೇಟೆ ಕೆಟ್ಟಂತೆಯೇ.

ಮನುಷ್ಯರ ಮೇಲೆ ಎರಗುವ ಅಳಿಲು ಅನೇಕ ಸಲ ಬಾಣಂತಿಯಾಗಿರುತ್ತದೆ. ಸುಮಾರು 34 ದಿನ ಗರ್ಭ ಹೊತ್ತು, ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುತ್ತದೆ. ಹುಟ್ಟುವಾಗ ಮರಿಗಳ ಮೈಮೇಲೆ ಕೂದಲಿರುವುದಿಲ್ಲ, ಕಣ್ಣೂ ತೆರೆದಿರುವುದಿಲ್ಲ. ತೆಂಗಿನ ನಾರು, ಹುಲ್ಲು, ಹತ್ತಿ, ಹಳೆ ಬಟ್ಟೆಯ ಚೂರು ಸೇರಿಸಿ ತಾಯಿ ಗೂಡು ಹೆಣೆಯುತ್ತದೆ. ಮರದ ಕವಲುಗಳು ಕಡಿಮೆಯಾದ ಬಡಾವಣೆಯಲ್ಲಿ ಆ ಗೂಡು ಸಜ್ಜೆಯ ಮೂಲೆಗೋ ಎಸಿ ಪೆಟ್ಟಿಗೆಯ ಹಿಂಬದಿಗೋ ಬರುತ್ತದೆ. ಮರಿ ಸಾಕುವುದರಲ್ಲಿ ಗಂಡಿನ ಪಾಲಿಲ್ಲ. ಒಂಟಿ ತಾಯಿ ಗೂಡಿನ ಹತ್ತಿರ ಸುಳಿದವರನ್ನೆಲ್ಲ ಗದರುತ್ತದೆ, ಬೇರೆ ಅಳಿಲನ್ನಂತೂ ಬಿಟ್ಟುಕೊಳ್ಳುವುದೇ ಇಲ್ಲ. ಕಾಟ ಹೆಚ್ಚಾದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ.

ಒಂದರ ಹಿಂದೊಂದು ಮೂರ್ನಾಲ್ಕು ಅಳಿಲು ಕಾಂಪೌಂಡಿನ ಮೇಲೆ ಓಡುವುದು ಬಹಳ ಸಲ ಕೂಡುವ ಕಾಲದ ಪೈಪೋಟಿ. ಹೆಣ್ಣು ಗಂಡನ್ನು ಒಪ್ಪುವ ಅವಧಿ ಹೆಚ್ಚೆಂದರೆ ಒಂದು ದಿನ. ಅಷ್ಟರೊಳಗೆ ಸುತ್ತಲಿನ ಗಂಡುಗಳೆಲ್ಲ ಬಂದು ಸೇರುತ್ತವೆ. ಇನ್ನು ಕೇಬಲ್, ಪೈಪು ಕಡಿಯುವುದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ. ಮುಂಬಾಚಿಹಲ್ಲು ಸಾಯುವವರೆಗೂ ಬೆಳೆಯುವುದರಿಂದ ಅಳಿಲು ಏನನ್ನಾದರೂ ಕಡಿದು ಸವೆಸಲೇಬೇಕು.

ನಾವೇ ಹುಟ್ಟಿಸುವ ಜಗಳ ಇನ್ನೊಂದಿದೆ, ನನಗೆ ಹೆಚ್ಚು ಚಿಂತೆ ಅದರದೇ. 1964ರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ಜೆರಾಮ್ ಬ್ರೌನ್ ಒಂದು ವಿಚಾರ ಮುಂದಿಟ್ಟರು: ಕಾವಲಿನ ಖರ್ಚಿಗಿಂತ ಕಾವಲಿನಿಂದ ಆಗುವ ಲಾಭ ಹೆಚ್ಚಿದ್ದರೆ ಮಾತ್ರ ಪ್ರಾಣಿ ತನ್ನದೆಂದು ಕಾದಾಡುತ್ತದೆ. ಹೊಂಗೆ, ಸೀಬೆ, ಹೂವು, ಹುಳು ಎಂದು ಆಹಾರ ಹತ್ತು ಕಡೆ ಚದುರಿದ್ದರೆ ಕಾಯುವುದು ದಂಡ. ಅದೇ ಒಂದು ಹಿಡಿ ಕಡಲೆಕಾಯಿಯನ್ನು ದಿನಾ ಒಂದೇ ಬಟ್ಟಲಿಗೆ ಸುರಿದರೆ ಅದನ್ನು ಕಾಯುವುದು ಲಾಭ. ಆ ಬಟ್ಟಲು ಒಂದು ಅಳಿಲಿನ ಆಸ್ತಿಯಾಗುತ್ತದೆ, ಉಳಿದವು ಏಟು ತಿನ್ನುತ್ತವೆ. ಕೈಯಿಂದಲೇ ತಿನ್ನಿಸಿದರೆ ಮನುಷ್ಯನ ಭಯ ಹೋಗಿ, ಬೆರಳಿಗೂ ಕಡಲೆಗೂ ವ್ಯತ್ಯಾಸ ಉಳಿಯುವುದಿಲ್ಲ. ಬ್ರಿಟನ್ನಿನ ವೇಲ್ಸ್‌ನ ಬಕ್ಲಿ ಪಟ್ಟಣದಲ್ಲಿ 2021ರ ಡಿಸೆಂಬರ್‌ನಲ್ಲಿ ಒಂದು ಬೂದು ಅಳಿಲು ಎರಡೇ ದಿನದಲ್ಲಿ 18 ಜನರನ್ನು ಕಚ್ಚಿತು. ತಿಂಗಳುಗಟ್ಟಲೆ ಅದಕ್ಕೆ ಮನೆಯಂಗಳದಲ್ಲಿ ತಿನ್ನಿಸಿ ಅಭ್ಯಾಸ ಮಾಡಿಸಲಾಗಿತ್ತು. ಹಿಡಿದ ಬೂದು ಅಳಿಲನ್ನು ಮತ್ತೆ ಹೊರಗೆ ಬಿಡುವುದಕ್ಕೆ ಅಲ್ಲಿಯ ಕಾನೂನು ಒಪ್ಪದ ಕಾರಣ ಕೊನೆಗೆ ಅದನ್ನು ಸಾಯಿಸಬೇಕಾಯಿತು. ಪ್ರೀತಿಯಿಂದ ಕೊಟ್ಟ ಕಡಲೆಗೆ ಅಳಿಲು ತೆತ್ತ ಬೆಲೆ ಅದು.

ಅಳಿಲು, ಇಲಿಯಂಥ ಸಣ್ಣ ದಂಶಕಗಳಲ್ಲಿ ರೇಬೀಸ್ ತೀರಾ ಅಪರೂಪ. ಆದರೂ ಕಚ್ಚಿದರೆ ಅಸಡ್ಡೆ ಬೇಡ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಅಳಿಲು ತೂರಾಡುತ್ತಿತ್ತೇ, ಹಗಲಲ್ಲಿ ಮಂಕಾಗಿ ಬಿದ್ದಿತ್ತೇ ಎಂಬುದನ್ನೂ ಹೇಳಿ.

ಕಾಳು ಹಾಕಲೇಬೇಕೆಂದು ಮನಸ್ಸಾದರೆ ಒಂದೇ ಕಡೆ ಗುಡ್ಡೆ ಹಾಕದೆ ಚದುರಿಸಿ ಹಾಕಿ, ಕೈಯಿಂದ ಮಾತ್ರ ಕೊಡಬೇಡಿ. ಅದಕ್ಕಿಂತ ಒಂದು ಸೀಬೆ ಗಿಡ ನೆಡುವುದು ಮೇಲು. ಸಜ್ಜೆಗೆ ಜಾಲರಿ ಬಡಿಸುವ ಮೊದಲು ಒಮ್ಮೆ ಬಗ್ಗಿ ನೋಡಿ. ಒಳಗೆ ಗೂಡಿದ್ದರೆ ಕೆಲಸ ಮುಂದೂಡಿ. ಮರಿಗಳು ಸುಮಾರು ಹತ್ತು ವಾರದಲ್ಲಿ ತಾಯಿಯ ಹಾಲು ಬಿಡುತ್ತವೆ. ಅವು ಹೊರಟ ಮೇಲೆ ಬಡಗಿಯನ್ನು ಕರೆಸಿದರೆ ಸಾಕು.