ಹೊಳಪಿಗೆ ಅವಸರ ಬೇಡ, ಹಳೇ ಬಣ್ಣ ಮತ್ತೆ ಬಾರದು!

ಕಾಸರಗೋಡು: ಶನಿವಾರ ಸಂಜೆ ಮನೆಯಂಗಳಕ್ಕೆ ಕಾರು ಬಂತು ಎಂದಿಟ್ಟುಕೊಳ್ಳಿ. ಐವತ್ತು ವರ್ಷ ದಾಟಿದ, ಎರಡೇ ಸೀಟಿನ, ಮಾಡು ಮಡಚುವ ಕೆಂಪು ಬಣ್ಣದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಗಲ್ಫ್‌ನಲ್ಲಿ ಬೆವರು ಸುರಿಸಿ ಉಳಿಸಿದ ದುಡ್ಡು, ಕಾಲೇಜು ದಿನಗಳಿಂದ ಕಂಡ ಕನಸು. ನೆರೆಕರೆಯವರೆಲ್ಲ ಬಂದು ನೋಡಿ ಹೋದದ್ದೂ ಆಯ್ತು. ಅವರಲ್ಲೊಬ್ಬರು ಬಾನೆಟ್ ಮೇಲೆ ಬೆರಳಾಡಿಸಿ, "ಬಣ್ಣ ಮಂಕಾಗಿದೆಯಲ್ಲಾ, ಮೆಷಿನಲ್ಲಿ ಒಂದು ರೌಂಡ್ ಪಾಲಿಶ್ ಹೊಡೆದ್ರೆ ಫಳಫಳ ಅನ್ನುತ್ತೆ" ಅಂದೇ ಅಂದಿರುತ್ತಾರೆ.

ಎಡವಟ್ಟು ಶುರುವಾಗುವುದೇ ಇಲ್ಲಿಂದ. ಭಾನುವಾರ ಬೆಳಗ್ಗೆ ಪಾಲಿಶ್ ಮೆಷಿನ್ ತಿರುಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಮಡ್‌ಗಾರ್ಡ್‌ನ ಅಂಚಿನಲ್ಲಿ ಬೂದುಬಣ್ಣದ ಪ್ರೈಮರ್ ಇಣುಕುತ್ತದೆ. ಐವತ್ತು ವರ್ಷ ಬಿಸಿಲು, ಮಳೆ ತಡೆದುಕೊಂಡ ಬಣ್ಣ ಅರ್ಧ ದಿನದಲ್ಲಿ ಮುಗಿದೇ ಹೋಯ್ತು!

ಎರಡು ಕೂದಲಿನಷ್ಟೇ ದಪ್ಪ

ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಪ್ರೈಮರ್ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಒಂದು ಮಿಲಿಮೀಟರ್ ಅಂದರೆ 1,000 ಮೈಕ್ರಾನ್. ಎರಡು ತಲೆಗೂದಲು ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟೇ. ಪಾಲಿಶ್ ಅಂದರೆ ಬಣ್ಣದ ಮೇಲ್ಪದರವನ್ನು ತೆಳ್ಳಗೆ ಸವೆಸುವುದು. ಪ್ರತಿ ಪಾಲಿಶ್‌ಗೂ ಇದ್ದ ಗಂಟು ಒಂದಿಷ್ಟು ಕರಗುತ್ತದೆ. ಮೂಲೆ, ಅಂಚು, ಮಡಿಕೆಗಳಲ್ಲಂತೂ ಬಣ್ಣ ಮೊದಲೇ ತೆಳು. ಹಿಂದಿನ ಮಾಲಕರು ಎಷ್ಟು ಸಲ ಉಜ್ಜಿದ್ದರೋ ಲೆಕ್ಕ ಇಟ್ಟವರಾರು?

ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ 'ಕ್ಲಿಯರ್ ಕೋಟ್' ಎಂಬ ಪಾರದರ್ಶಕ ಪದರ ಇರುತ್ತದೆ. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅದಕ್ಕೂ ಹಿಂದಿನ ಕೆಂಪು, ಬಿಳಿ, ಹಸಿರು ಕಾರುಗಳಲ್ಲಿ ಸಾಮಾನ್ಯವಾಗಿ ಬಣ್ಣವೇ ಕೊನೆಯ ಪದರ. ಬಿಸಿಲಿಗೂ ಗಾಳಿಗೂ ನೇರವಾಗಿ ಎದೆಯೊಡ್ಡುವುದು ಅದೇ. ಹೀಗಾಗಿ ವರ್ಷ ಕಳೆದಂತೆ ಸೀಮೆಸುಣ್ಣದ ಪುಡಿಯಂತೆ ಮಂಕು ಕವಿಯುತ್ತದೆ. ಕೆಂಪು ಬಣ್ಣಕ್ಕೆ ಈ ಕಾಟ ಇನ್ನೂ ಹೆಚ್ಚು.

ನಮ್ಮ ವರ್ಕ್‌ಶಾಪ್‌ಗಳಲ್ಲಿ ಸ್ಪ್ರೇ ಬಣ್ಣಕ್ಕೆ ಈಗಲೂ 'ಡುಕೊ' ಅಂತಲೇ ಹೆಸರು. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ತಂದ ನೈಟ್ರೋಸೆಲ್ಯುಲೋಸ್ ಬಣ್ಣದ ವ್ಯಾಪಾರನಾಮ ಅದು. ಅದಕ್ಕೂ ಮೊದಲು ಕಾರಿಗೆ ಬಣ್ಣ ಬಳಿದು ಮುಗಿಸಲು ವಾರಗಟ್ಟಲೆ ಬೇಕಿತ್ತು. ಕಂಪನಿ ಯಾವುದೇ ಇರಲಿ, ಹೆಸರು ಮಾತ್ರ ಊರೂರಿನ ಪೇಂಟರ್‌ಗಳ ಬಾಯಲ್ಲಿ ಉಳಿದುಬಿಟ್ಟಿತು.

ಮೊದಲು ನೋಡಿ, ಆಮೇಲೆ ಮುಟ್ಟಿ

ಹಳೇ ಕಾರು ಕೊಂಡವರು ಮೊದಲ ವಾರ ಮಾಡಬೇಕಾದ ಕೆಲಸ ಒಂದೇ, ಸರಿಯಾಗಿ ನೋಡುವುದು. ಬಾಗಿಲಿನ ಒಳಅಂಚಿನಂಥ ಮರೆಯ ಜಾಗದಲ್ಲಿ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಮೆಲ್ಲಗೆ ತಿಕ್ಕಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ ಎಂದರ್ಥ. ಬಟ್ಟೆ ಬಿಳಿಯಾಗಿಯೇ ಉಳಿದರೆ ನಂತರ ಯಾರೋ ಹೊಸ ಬಣ್ಣ ಹೊಡೆಸಿರುವ ಸಾಧ್ಯತೆ ಹೆಚ್ಚು.

ಬಣ್ಣದ ದಪ್ಪ ಅಳೆಯುವ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಕಡೆ 120, ಇನ್ನೊಂದು ಕಡೆ 400 ಮೈಕ್ರಾನ್ ತೋರಿಸಿದರೆ ಅಲ್ಲಿ ಬಣ್ಣ ಮತ್ತೆ ಹೊಡೆದಿದ್ದಾರೆ. ಸಾವಿರ ದಾಟಿತೆಂದರೆ ಕೆಳಗೆ ಪುಟ್ಟಿ ಮೆತ್ತಿದ್ದಾರೆ ಎಂದೇ ಲೆಕ್ಕ. ಗೇಜ್ ಇಲ್ಲದಿದ್ದರೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೂ ಸಾಕು. ಪುಟ್ಟಿ ದಪ್ಪ ಇದ್ದಲ್ಲಿ ಅದು ಅಂಟುವುದಿಲ್ಲ. ಆದರೆ 1960ರ ದಶಕದ ಎಂಜಿಬಿ ಕಾರಿನ ಬಾನೆಟ್‌ಗೆ ಅಯಸ್ಕಾಂತ ಅಂಟಲಿಲ್ಲ ಎಂದು ಗಾಬರಿ ಬೀಳಬೇಕಿಲ್ಲ. ಆ ಬಾನೆಟ್ ಅಲ್ಯೂಮಿನಿಯಂನದ್ದು!

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ 'ಸಿಲ್' ಎಂಬ ಭಾಗವೇ ಭಾರ ಹೊರುವುದು. ಅಲ್ಲಿ ಬಣ್ಣ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತಿದೆ ಅಂತಲೇ ತಿಳಿಯಬೇಕು. ಅದರ ಮೇಲೆ ವ್ಯಾಕ್ಸ್ ಬಳಿಯುವುದು ಹುಣ್ಣಿಗೆ ಪೌಡರ್ ಹಚ್ಚಿದ ಹಾಗೆ. ಮೊದಲು ತಗಡಿನ ಕೆಲಸ, ಬಣ್ಣದ ಮಾತು ಆಮೇಲೆ.

ಕೆಂಪು ಧೂಳಿನ ಕಿತಾಪತಿ

ನಮ್ಮೂರಿನಲ್ಲಿ ಬಣ್ಣಕ್ಕೆ ಮೊದಲ ಶತ್ರು ಮುರಕಲ್ಲಿನ ಧೂಳು. ಬೆಳಗ್ಗೆ ಎದ್ದು ಒಣಬಟ್ಟೆಯಲ್ಲಿ ಕಾರು ಒರೆಸುವ ಅಭ್ಯಾಸ ಹಲವರಿಗಿದೆ. ಹಾಗೆ ಒರೆಸಿದರೆ ಬಟ್ಟೆಯಡಿ ಸಿಕ್ಕ ಕಲ್ಲಿನ ಪುಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಗೀರುಗಳು ಹುಟ್ಟುವುದು ಹೀಗೆಯೇ.

ತೊಳೆಯಲು ನೆರಳು ಬೇಕು, ಬಾಡಿ ತಣ್ಣಗಿರಬೇಕು. ಮೊದಲು ಧಾರಾಳ ನೀರು ಬಿಟ್ಟು ಧೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಾಡಿಸಿಯೇ ಮತ್ತೆ ಶಾಂಪೂಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ, ಉದ್ದುದ್ದಕ್ಕೆ ಒರೆಸಬೇಕು, ಸುತ್ತು ತಿರುಗಿಸಬಾರದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಮುಟ್ಟಬಾರದು. ಪಾತ್ರೆ ತೊಳೆಯುವ ಸೋಪು ಜಿಡ್ಡಿನ ಜತೆ ವ್ಯಾಕ್ಸನ್ನೂ ಎಬ್ಬಿಸಿಬಿಡುತ್ತದೆ. ಸರ್ವೀಸ್ ಸ್ಟೇಷನ್‌ನ ಪ್ರೆಶರ್ ನೀರಂತೂ ಹಳೇ ಬಣ್ಣದ ಎದ್ದ ಅಂಚುಗಳನ್ನು ಕಿತ್ತೇ ಹಾಕೀತು. ಮಡಚುವ ಮಾಡಿನ ಸಂದಿಯಿಂದ ನೀರು ಒಳಗೂ ನುಗ್ಗುತ್ತದೆ.

ಬೈಕ್ ಒರೆಸಿದಂತೆ ಸೀಮೆಎಣ್ಣೆಯಲ್ಲಿ ಒರೆಸುವುದು, ಹೊಳಪಿಗೆಂದು ತೆಂಗಿನೆಣ್ಣೆ ಹಚ್ಚುವುದು ಎರಡೂ ಬೇಡ. ಸೀಮೆಎಣ್ಣೆ ಇದ್ದ ವ್ಯಾಕ್ಸನ್ನೂ ತೊಳೆದುಬಿಡುತ್ತದೆ. ತೆಂಗಿನೆಣ್ಣೆ ಒಂದು ದಿನ ಹೊಳೆದು ಮರುದಿನ ಊರಿನ ಧೂಳನ್ನೆಲ್ಲ ಕರೆದು ಕೂರಿಸುತ್ತದೆ.

ಕೈಯೇ ಮೇಲು

ತೊಳೆದ ಮೇಲೂ ಮಂಕು ಉಳಿದರೆ ಎಣ್ಣೆಯಂಶ ಹೆಚ್ಚಿರುವ, ಸವೆಸುವ ಪುಡಿ ಇಲ್ಲದ ಗ್ಲೇಜ್ ಹಚ್ಚಿ ರಾತ್ರಿಯಿಡೀ ಬಿಡುವುದು ಹಳಬರು ಕಂಡುಕೊಂಡ ದಾರಿ. ಒಣಗಿದ ಬಣ್ಣ ಅದನ್ನು ಹೀರಿಕೊಂಡು ಗಾಢವಾಗುತ್ತದೆ. ಅಷ್ಟರಲ್ಲೇ ಅರ್ಧ ಜೀವ ಬಂದುಬಿಡುತ್ತದೆ. ಸಾಲದಿದ್ದರೆ ಮಾತ್ರ ತೀರಾ ಮೆದುವಾದ ಪಾಲಿಶನ್ನು ಒಂದು ಅಂಗೈ ಅಗಲದ ಜಾಗದಲ್ಲಿ ಕೈಯಲ್ಲೇ ಹಚ್ಚಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತುವುದು ಸಹಜ. ಹತ್ತಿದಷ್ಟೂ ಕಾರಿನಿಂದ ಹೋಯಿತು ಎಂಬ ನೆನಪು ಇದ್ದರಾಯ್ತು. ಎಲ್ಲ ಗೀರೂ ಹೋಗಲೇಬೇಕು ಎಂಬ ಹಟ ಬೇಡ.

ಒಣ ಉಪ್ಪುಕಾಗದದಲ್ಲಿ ಉಜ್ಜುವ ಸಾಹಸವನ್ನಂತೂ ಮಾಡಲೇಬಾರದು. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಂಭವ ಉಂಟು. ಆ ಪುಡಿ ಉಸಿರಿನೊಳಗೆ ಹೋದರೆ ಆರೋಗ್ಯಕ್ಕೆ ಅಪಾಯ, ಅಂಗಳದಲ್ಲಿ ಆಡುವ ಮಕ್ಕಳಿಗೆ ಇನ್ನೂ ಹೆಚ್ಚು.

ಕೊನೆಗೆ ವ್ಯಾಕ್ಸ್. ಕಾರ್ನೂಬಾ ಎಂಬ ಹೆಸರುವಾಸಿ ವ್ಯಾಕ್ಸ್ ಬರುವುದು ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ಜಾತಿಯ ತಾಳೆಯ ಎಲೆಯಿಂದ. ತೆಂಗು, ಕಂಗಿನ ದೂರದ ನೆಂಟ ಅನ್ನಿ! ಅದು ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು. ತೆಳ್ಳಗೆ ಹಚ್ಚಿ ಒರೆಸಿದರೆ ನೀರು ಮುತ್ತಿನಂತೆ ಉರುಳಿ ಹೋಗುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಮಾತ್ರ ಪೇಂಟರ್ ಹೇಳಿದಷ್ಟು ದಿನ ಕಾಯಬೇಕು.

ಮಳೆಗಾಲದ ಮುಸುಕು

ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬೀಸುವ ಜಿಲ್ಲೆ ಇದು. ಜೂನ್ ಬಂತೆಂದರೆ ಕಾರಿಗೆ ಪ್ಲಾಸ್ಟಿಕ್ ಟಾರ್ಪಲ್ ಹೊದಿಸುವವರೇ ಹೆಚ್ಚು. ಅದರಷ್ಟು ದೊಡ್ಡ ತಪ್ಪು ಬೇರೆ ಇಲ್ಲ. ಒಳಗೆ ಸಿಕ್ಕ ತೇವ ಹೊರಹೋಗದೆ ಬಣ್ಣದಡಿ ಗುಳ್ಳೆ ಏಳುತ್ತದೆ. ಗಾಳಿಯಾಡುವ ಶೆಡ್, ಉಸಿರಾಡುವ ಬಟ್ಟೆಯ ಕವರ್, ಅದೂ ಕಾರು ಪೂರ್ತಿ ಒಣಗಿ ಧೂಳಿಲ್ಲದಿದ್ದಾಗ ಮಾತ್ರ. ಬಾಗಿಲಿನ ಕೆಳಗೆ ನೀರು ಇಳಿಯುವ ತೂತುಗಳಲ್ಲಿ ಕಸ ಕಟ್ಟದಂತೆ ನೋಡಿಕೊಳ್ಳಬೇಕು. ಹಲಸಿನ ಮರದಡಿ ನಿಲ್ಲಿಸಿದರೆ ಮೇಣವೂ ಬಾವಲಿ ಹಿಕ್ಕೆಯೂ ಖಾಯಂ. ಹಿಕ್ಕೆ ಬಿದ್ದರೆ ಉಜ್ಜದೆ, ಒದ್ದೆ ಬಟ್ಟೆ ಇಟ್ಟು ನೆನೆಸಿ ಎತ್ತಿಬಿಡಬೇಕು, ಅದೂ ಅಂದೇ.

ಮೂಲರೂಪಕ್ಕೇ ಬೆಲೆ

ಕೇಂದ್ರ ಸರಕಾರ 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ಭಾರೀ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಬಣ್ಣ ಹೊಸತಾದರೆ ನೋಂದಣಿಗೆ ಅಡ್ಡಿ ಎಂದೇನೂ ಇಲ್ಲ. ಆದರೆ ಹಳೇ ಕಾರು ಬಲ್ಲವರು ಹುಡುಕುವುದು ಕಾರ್ಖಾನೆಯ ಬಣ್ಣವನ್ನೇ. ಹೊಸ ಬಣ್ಣವನ್ನು ಎಷ್ಟು ಸಲ ಬೇಕಾದರೂ ಹೊಡೆಸಬಹುದು, ಮೊದಲ ಬಣ್ಣ ಇರುವುದು ಒಂದೇ ಸಲ.

ಎಂಜಿಬಿ ಹುಟ್ಟಿದ ಅಬಿಂಗ್ಡನ್ ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಕಾರಿನ ಮೇಲೆ ಉಳಿದಿರುವುದು ಎರಡು ಕೂದಲಿನಷ್ಟು ಬಣ್ಣ. ಅದರಲ್ಲಿ ಎರಡು ಗೀರು, ಒಂದು ಮಚ್ಚೆ ಇದ್ದರೆ ಇರಲಿ ಬಿಡಿ. ಅಜ್ಜನ ಮುಖದ ಸುಕ್ಕನ್ನು ಯಾರಾದರೂ ಉಪ್ಪುಕಾಗದದಲ್ಲಿ ಉಜ್ಜುತ್ತಾರೆಯೇ?